ಎರಡು ಅಂಗೈಗೆ ಒಂದು ಬೆರಳ ತುದಿ: ಇಸುಬಿನ ಔಷಧಗಳ ಬಗ್ಗೆ ಒಂದು ಮನೆಯ ವಿಮರ್ಶೆ

ನಮ್ಮ ಮನೆಯಲ್ಲಿ ಇಸುಬಿನ (ಎಕ್ಸಿಮಾ) ಉರಿಯೂತ ಅಡಗಿಸುವ, 15 ಗ್ರಾಂ ತೂಕದ ಒಂದು ಸ್ಟೀರಾಯ್ಡ್ ಮುಲಾಮಿನ ಟ್ಯೂಬು ಎಂಟು ತಿಂಗಳು ಬಂದಿತ್ತು, ಇನ್ನೂ ಕಾಲು ಭಾಗ ಉಳಿದಿತ್ತು. ಮಗಳ ಮೊಣಕೈ ಮಡಿಕೆಗೆ ಸಾಸಿವೆ ಕಾಳಿನಷ್ಟು ಮುಲಾಮನ್ನು ಮುಟ್ಟಿಸಿ, ಅದನ್ನೇ ಅಂಗೈಯಗಲ ಎಳೆದು ಹರಡುತ್ತಿದ್ದ ನನ್ನ ಜಾಣತನದ ಬಗ್ಗೆ ನನಗೇ ಮೆಚ್ಚುಗೆಯಿತ್ತು. ರಾಯಚೂರಿನಲ್ಲಿ ಸರ್ಕಾರಿ ಆಸ್ಪತ್ರೆಯ ಚರ್ಮರೋಗ ವಿಭಾಗದ ವೈದ್ಯೆಯೊಬ್ಬರು ಆ ಟ್ಯೂಬನ್ನು ಕೈಗೆತ್ತಿಕೊಂಡು, ಅದರ ಮೇಲೆ ಬರೆದಿಟ್ಟಿದ್ದ ಕೊಂಡ ದಿನಾಂಕವನ್ನು ನೋಡಿ, "ಇದು ಹತ್ತು ದಿನಕ್ಕೆ ಖಾಲಿ ಆಗಬೇಕಿತ್ತಲ್ಲಮ್ಮ" ಎಂದರು. ಮೂರು ವರ್ಷಗಳಲ್ಲಿ ನಾವು ಬದಲಾಯಿಸಿದ ಮುಲಾಮು, ಎಣ್ಣೆ, ಸಾಬೂನು, ಮಾತ್ರೆಗಳ ಪಟ್ಟಿ ಉದ್ದವಾಗಿಯೇ ಇದೆ. ಆದರೆ ಅವುಗಳಲ್ಲಿ ಹೆಚ್ಚಿನವು ಸೋತಿದ್ದು ಔಷಧ ತಪ್ಪಾಗಿದ್ದರಿಂದಲ್ಲ, ಹಚ್ಚಿದ ಪ್ರಮಾಣ ಕಡಿಮೆಯಾಗಿದ್ದರಿಂದ ಎಂಬುದು ಅಂದು ತಿಳಿಯಿತು. ಕಚೇರಿಯಲ್ಲಿ ಲೆಕ್ಕಪತ್ರ ನೋಡುವವಳಾದ ನನಗೆ ಇದು ಸ್ವಲ್ಪ ನಾಚಿಕೆಯ ಸಂಗತಿ.

ಈ ವಿಮರ್ಶೆ ಇಬ್ಬರು ರೋಗಿಗಳ ಅನುಭವದ ಮೇಲೆ ನಿಂತಿದೆ. ಒಬ್ಬಳು ಎಂಟು ವರ್ಷದ ಮಗಳು, ಐದನೆಯ ತಿಂಗಳಿನಿಂದ ಇಸುಬು ಇರುವವಳು. ಇನ್ನೊಬ್ಬರು ಮಾನ್ವಿ ಕಡೆಯ ಹೊಲದಲ್ಲಿ ಜೀವನ ಸವೆಸಿದ ನನ್ನ ಮಾವ. ನಾನು ವೈದ್ಯಳಲ್ಲ, ಮಗುವಿಗೆ ಯಾವ ಔಷಧ ಎಂಬುದನ್ನು ವೈದ್ಯರೇ ಹೇಳಬೇಕು. ಬಳಸುವವರ ಕಡೆಯಿಂದ ಅವು ಹೇಗೆ ಕಂಡವು ಎಂಬುದನ್ನಷ್ಟೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲಿಗೆ ಹೆಸರಿನ ಗೊಂದಲ. ನಮ್ಮ ಕಡೆ ಇಸುಬು, ಗಜಕರ್ಣ, ಹುಳುಕಡ್ಡಿ, ಕಜ್ಜಿ ಎಂಬ ಮಾತುಗಳನ್ನು ಒಂದರ ಬದಲು ಇನ್ನೊಂದು ಬಳಸುವುದುಂಟು, ಎಲ್ಲಕ್ಕೂ ಸಮಾನವಾಗಿರುವುದು ತಿಂಡಿ, ಅಂದರೆ ತುರಿಕೆ. ಆದರೆ ಹುಳುಕಡ್ಡಿ ಶಿಲೀಂಧ್ರದಿಂದ ಬರುವುದು, ಕಜ್ಜಿ ಚರ್ಮದಲ್ಲಿ ಗೂಡು ಕೊರೆಯುವ ಸೂಕ್ಷ್ಮ ಕೀಟದಿಂದ ಬರುವುದು, ಇವೆರಡೂ ಒಬ್ಬರಿಂದ ಒಬ್ಬರಿಗೆ ಅಂಟುತ್ತವೆ. ಇಸುಬು ಯಾರಿಗೂ ಅಂಟುವುದಿಲ್ಲ. ಶಾಲೆಯಲ್ಲಿ ಮಗಳ ಪಕ್ಕ ಕೂರಲು ಹಿಂದೆಗೆದ ಮಕ್ಕಳ ತಾಯಂದಿರಿಗೆ ಇದನ್ನು ನಾನೇ ಹೋಗಿ ಹೇಳಬೇಕಾಯಿತು. ಇಸುಬಿರುವವರಲ್ಲಿ ಚರ್ಮದ ಹೊರಪದರವೇ ದುರ್ಬಲವಾಗಿರುತ್ತದೆ, ಅದರೊಳಗಿನ ನೀರಿನಂಶ ಹೊರಗೆ ಆರಿಹೋಗುತ್ತದೆ, ಹೊರಗಿನ ಧೂಳು, ಸಾಬೂನು, ರೋಗಾಣುಗಳು ಒಳಗೆ ಇಳಿಯುತ್ತವೆ. ಆ ಪದರವನ್ನು ಬಿಗಿಯಾಗಿಡುವ ಫಿಲಾಗ್ರಿನ್ ಎಂಬ ಪ್ರೋಟೀನಿನ ಜೀನ್‌ನಲ್ಲಿರುವ ದೋಷಕ್ಕೂ ಇಸುಬಿಗೂ ಇರುವ ನಂಟು 2006ರಲ್ಲಿ ಖಚಿತವಾಯಿತು. ಮಾಳಿಗೆ ಮನೆಯಲ್ಲಿ ಬೆಳೆದವರಿಗೆ ಇದನ್ನು ವಿವರಿಸುವುದು ಸುಲಭ: ಮಳೆಗಾಲಕ್ಕೆ ಮುನ್ನ ಮೇಲೆ ಹೊಸ ಮಣ್ಣು ಹಾಕಿಸದಿದ್ದರೆ ಮಾಳಿಗೆ ಸೋರುತ್ತದೆ. ಸೋರಿದ ಮೇಲೆ ಗೋಡೆಗೆ ಎಷ್ಟು ಸುಣ್ಣ ಬಳಿದರೂ ಅಷ್ಟೇ.

ಆ ಮೇಲ್ಮಣ್ಣಿನ ಕೆಲಸ ಮಾಡುವುದು ತೇವ ಹಿಡಿದಿಡುವ ಲೇಪಗಳು, ಅಂದರೆ ಮಾಯಿಶ್ಚರೈಸರ್‌ಗಳು. ನಾವು ಹೆಚ್ಚು ಹಣ ಸುರಿದದ್ದೂ ಇವುಗಳಿಗೇ. ಸೆರಮೈಡ್ (ಚರ್ಮದಲ್ಲಿ ಸಹಜವಾಗಿರುವ ಒಂದು ಬಗೆಯ ಜಿಡ್ಡು) ಇರುವ ಹೊರದೇಶದ ಕ್ರೀಮು, ಲಿಕ್ವಿಡ್ ಪ್ಯಾರಾಫಿನ್ ಬೆರೆತ ಸಾದಾ ಕ್ರೀಮು, ಬಿಳಿ ಪೆಟ್ರೋಲಿಯಂ ಜೆಲ್ಲಿ, ಮರದ ಗಾಣದ ಕೊಬ್ಬರಿ ಎಣ್ಣೆ, ಎಲ್ಲವನ್ನೂ ಒಂದೊಂದು ಋತುವಿಗೆ ಬಳಸಿ ನೋಡಿದ್ದೇವೆ. ಬ್ರಿಟನ್ನಿನಲ್ಲಿ 550 ಮಕ್ಕಳ ಮೇಲೆ ಲೋಷನ್, ಕ್ರೀಮು, ಜೆಲ್, ಮುಲಾಮು ಈ ನಾಲ್ಕನ್ನೂ ಹೋಲಿಸಿ ನಡೆಸಿದ, 2022ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಇವುಗಳ ಪರಿಣಾಮದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಂಡುಬರಲಿಲ್ಲ. ಮಗು ಯಾವುದನ್ನು ಬೇಸರಿಸದೆ ಹಚ್ಚಿಸಿಕೊಳ್ಳುತ್ತದೆಯೋ ಅದೇ ಒಳ್ಳೆಯದು ಎಂಬುದು ಅದರ ಸಾರ. ನಮ್ಮ ಅನುಭವವೂ ಅದೇ, ಒಂದು ತಿದ್ದುಪಡಿಯೊಂದಿಗೆ: ಆ ಅಧ್ಯಯನ ಮಾಡಿದವರು ರಾಯಚೂರಿನ ಮೇ ತಿಂಗಳನ್ನು ಕಂಡವರಲ್ಲ. ನಲವತ್ತು ಡಿಗ್ರಿ ದಾಟಿದ ದಿನಗಳಲ್ಲಿ ಜೆಲ್ಲಿ ಡಬ್ಬಿಯಲ್ಲೇ ಅರ್ಧ ಕರಗಿ, ಹಚ್ಚಿದ ಕಡೆ ಬೆವರು ನಿಂತು, ಕೂದಲಿನ ಬುಡದಲ್ಲಿ ಸಣ್ಣ ಗುಳ್ಳೆಗಳೆದ್ದು, ಮಗಳು ರಾತ್ರಿಯಿಡೀ ಕೆರೆದುಕೊಂಡಳು. ಆದ್ದರಿಂದ ಮಾರ್ಚಿನಿಂದ ಜೂನ್‌ವರೆಗೆ ನೀರಿನಂಶ ಹೆಚ್ಚಿರುವ ಕ್ರೀಮು, ತುಟಿ ಒಡೆಯುವ ಚಳಿಗಾಲದ ಒಣಗಾಳಿಗೆ ಜೆಲ್ಲಿ ಎಂದು ನಾವು ಪಾಲು ಮಾಡಿಕೊಂಡಿದ್ದೇವೆ.

ಬೆಲೆಯ ಮಾತೂ ಇಲ್ಲಿಯೇ ಬರಬೇಕು. ವಾರಕ್ಕೆ 250 ಗ್ರಾಂನಷ್ಟು ಲೇಪ ಬೇಕು ಎಂದು ವೈದ್ಯೆ ಹೇಳಿದಾಗ, ಇದೇನು ಒಬ್ಬಟ್ಟಿಗೆ ತುಪ್ಪ ಹಾಕುವ ಲೆಕ್ಕವೇ ಎಂದು ಅನಿಸಿತ್ತು. ಆ ಪ್ರಮಾಣದಲ್ಲಿ ಸೆರಮೈಡ್ ಕ್ರೀಮು ಬಳಸಿದರೆ ತಿಂಗಳ ದಿನಸಿಯಲ್ಲಿ ಕಡಿತ ಮಾಡಬೇಕಾಗುತ್ತದೆ. ಸೆರಮೈಡ್ ಕ್ರೀಮು ಕೆಟ್ಟದ್ದಲ್ಲ, ಬೇಗ ಇಂಗುತ್ತದೆ, ಸಮವಸ್ತ್ರಕ್ಕೆ ಅಂಟುವುದಿಲ್ಲ. ಆದರೆ ಬೆಲೆಗೆ ಹೆದರಿ ಚೂರೇ ಚೂರು ಹಚ್ಚಿದ ದುಬಾರಿ ಕ್ರೀಮಿಗಿಂತ ಧಾರಾಳವಾಗಿ ಹಚ್ಚಿದ ಅಗ್ಗದ ಜೆಲ್ಲಿ ಮಗಳ ಚರ್ಮವನ್ನು ಚೆನ್ನಾಗಿ ಕಾಪಾಡಿತು. ಯೂರಿಯಾ ಇರುವ ಕ್ರೀಮು ಮಾವನ ಒಡೆದ ಹಿಮ್ಮಡಿಗೆ ಒಗ್ಗಿತು, ಮಗಳ ಬಿರುಕಿಗೆ ಉರಿ ಹತ್ತಿಸಿತು. ಕೊಬ್ಬರಿ ಎಣ್ಣೆ ಒಣಚರ್ಮಕ್ಕೆ ಪರವಾಗಿಲ್ಲ, ಉರಿಯೂತ ಎದ್ದಾಗ ಅದರಿಂದ ಏನೂ ಆಗದು. ಡಬ್ಬಿಗೆ ಬೆರಳು ಹಾಕದೆ ಒಣ ಚಮಚದಿಂದ ತೆಗೆಯಬೇಕು, ಕೂದಲು ಮಲಗಿದ ದಿಕ್ಕಿಗೆ ಮೇಲಿನಿಂದ ಕೆಳಗೆ ಸವರಬೇಕು, ತಿಕ್ಕಬಾರದು. ಇನ್ನೊಂದನ್ನು ಯಾವ ಅಂಗಡಿಯವರೂ ಹೇಳುವುದಿಲ್ಲ: ಈ ಲೇಪಗಳನ್ನು ಹೀರಿಕೊಂಡ ಬಟ್ಟೆ, ಹೊದಿಕೆಗಳಿಗೆ ಬೆಂಕಿ ಬೇಗ ಹಿಡಿಯುತ್ತದೆ, ಒಮ್ಮೆ ಒಗೆದರೂ ಅಂಶ ಪೂರ್ತಿ ಹೋಗುವುದಿಲ್ಲ. ದೇವರ ಮನೆಯ ದೀಪ ಹಚ್ಚುವ ಕೆಲಸದಿಂದ ಮಗಳನ್ನು ಬಿಡಿಸಿದ್ದೇವೆ.

ಸ್ನಾನದ ವಿಷಯದಲ್ಲಿ ನಾವು ಹೆಚ್ಚು ಮೋಸ ಹೋಗುವುದರಲ್ಲಿದ್ದೆವು. ನಮ್ಮದು ಬೋರ್‌ವೆಲ್ ನೀರು, ಬಕೆಟ್ಟಿನ ಅಂಚಿಗೆ ಬಿಳಿ ಪೊರೆ ಕಟ್ಟುವಷ್ಟು ಗಡಸು. ನೀರನ್ನು ಮೆದುಗೊಳಿಸುವ ಯಂತ್ರ ಮಾರುವವನೊಬ್ಬ ಮನೆಗೆ ಬಂದು, ಇದನ್ನು ಕೂರಿಸಿದರೆ ಇಸುಬು ಎರಡು ತಿಂಗಳಲ್ಲಿ ಮಾಯ ಎಂದು ಭರವಸೆ ಕೊಟ್ಟ. ಮುಂಗಡ ಕೊಡುವ ಮೊದಲು ವೈದ್ಯೆಯನ್ನು ಕೇಳಿದ್ದು ಒಳ್ಳೆಯದಾಯಿತು. ಗಡಸು ನೀರಿರುವ ಊರುಗಳಲ್ಲಿ ಇಸುಬು ಹೆಚ್ಚು ಕಾಣುವುದು ನಿಜವಾದರೂ, ಇಸುಬಿರುವ 336 ಮಕ್ಕಳ ಮನೆಗಳ ಮೇಲೆ ಬ್ರಿಟನ್ನಿನಲ್ಲಿ ನಡೆದ, 2011ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಇಂಥ ಯಂತ್ರದಿಂದ ಹೆಚ್ಚುವರಿ ಲಾಭವೇನೂ ಸಿಗಲಿಲ್ಲವಂತೆ. ಸ್ನಾನದ ನೀರಿಗೆ ಬೆರೆಸುವ ಎಣ್ಣೆಗಳ ಕಥೆಯೂ ಅದೇ: 482 ಮಕ್ಕಳ ಮೇಲಿನ 2018ರ ಪ್ರಯೋಗ ಅವುಗಳಿಂದಲೂ ಪ್ರಯೋಜನವಿಲ್ಲವೆಂದು ತೋರಿಸಿತು. ನಮಗೆ ಫಲ ಕೊಟ್ಟದ್ದು ಯಂತ್ರವಲ್ಲ, ಸಾಬೂನನ್ನು ಬಿಟ್ಟದ್ದು. ಚರ್ಮದ ಮೇಲ್ಮೈ ಸ್ವಲ್ಪ ಆಮ್ಲೀಯ, ಸಾಮಾನ್ಯ ಸಾಬೂನು ಕ್ಷಾರೀಯ. ಅದು ಕೊಳೆಯ ಜೊತೆಗೆ ಇರುವ ಜಿಡ್ಡನ್ನೂ ಕಿತ್ತುಕೊಂಡು ಹೋಗುತ್ತದೆ. ಸಾಬೂನಿಲ್ಲದ ಸೌಮ್ಯ ಕ್ಲೆನ್ಸರ್, ಉಗುರುಬೆಚ್ಚನೆಯ ನೀರು, ಹತ್ತು ನಿಮಿಷ ಮೀರದ ಸ್ನಾನ, ಮೈಯನ್ನು ಒತ್ತಿ ಒರೆಸಿ ತೇವವಿರುವಾಗಲೇ ಲೇಪ. ಕಡಲೆಹಿಟ್ಟು ಹಚ್ಚಿ ಉಜ್ಜುವ ನಮ್ಮತ್ತೆಯ ಪದ್ಧತಿಯನ್ನು ನಿಲ್ಲಿಸಲು ಮಾತ್ರ ಒಂದು ವರ್ಷ ಬೇಕಾಯಿತು.

ಈಗ ಸ್ಟೀರಾಯ್ಡ್ ಮುಲಾಮುಗಳು. ಇವುಗಳಲ್ಲಿ ನಮ್ಮನ್ನು ಕೆಡಿಸಿದ್ದೂ ಇದೆ, ಉಳಿಸಿದ್ದೂ ಇದೆ, ಎರಡೂ ಒಂದೇ ಜಾತಿಯ ಔಷಧಗಳು ಎಂಬುದೇ ತೊಡಕು. ಕೆಡಿಸಿದ್ದು ಔಷಧದಂಗಡಿಯೊಂದರಲ್ಲಿ ಚೀಟಿ ಇಲ್ಲದೆ ಕೊಟ್ಟ ಮಿಶ್ರಣದ ಕ್ರೀಮು. "ಏನೂ ಆಗಂಗಿಲ್ರಿ ಅಕ್ಕಾರ, ಮೂರು ದಿನ ಹಚ್ಚಿ ನೋಡ್ರಿ" ಎಂದಿದ್ದ ಹುಡುಗನ ಮಾತು ಸುಳ್ಳಾಗಲಿಲ್ಲ; ಮೂರನೆಯ ದಿನ ಮಗಳ ಮೊಣಕೈ ಹೊಸ ಬಟ್ಟೆಯಂತೆ ನುಣುಪಾಗಿತ್ತು. ಅದರೊಳಗಿದ್ದದ್ದು ಕ್ಲೋಬೆಟಾಸಾಲ್, ಚರ್ಮಕ್ಕೆ ಹಚ್ಚುವ ಸ್ಟೀರಾಯ್ಡ್‌ಗಳಲ್ಲಿ ಅತಿ ಪ್ರಬಲವಾದ ಗುಂಪಿಗೆ ಸೇರಿದ್ದು, ಅದರ ಜೊತೆಗೆ ಒಂದು ಆ್ಯಂಟಿಬಯೋಟಿಕ್, ಒಂದು ಶಿಲೀಂಧ್ರನಾಶಕ. ರೋಗ ಯಾವುದೆಂದು ನೋಡದೆಯೇ ಮೂರು ಕಲ್ಲು ಒಟ್ಟಿಗೆ ಬೀಸಿದ ಹಾಗೆ. ನಿಲ್ಲಿಸಿದ ವಾರದಲ್ಲೇ ಇಸುಬು ದುಪ್ಪಟ್ಟಾಗಿ ಮರಳುತ್ತಿತ್ತು, ನಾವು ಮತ್ತೆ ಹಚ್ಚುತ್ತಿದ್ದೆವು. ನಾಲ್ಕು ತಿಂಗಳಲ್ಲಿ ಮಡಿಕೆಯ ಚರ್ಮ ತೆಳುವಾಗಿ ಒಳಗಿನ ನೀಲಿ ನರಗಳು ಕಾಣತೊಡಗಿದವು. ಇದೇ ಕ್ರೀಮನ್ನು ಹುಳುಕಡ್ಡಿಗೆ ಹಚ್ಚಿದರೆ ಮೇಲಿನ ಕೆಂಪು ಅಡಗಿ ಒಳಗೆ ಶಿಲೀಂಧ್ರ ಹಬ್ಬುತ್ತದೆ. ದೇಶದಾದ್ಯಂತ ಹುಳುಕಡ್ಡಿ ಇಷ್ಟು ಮೊಂಡಾಗಿರುವುದಕ್ಕೆ ಇಂಥ ಬಳಕೆಯೂ ಕಾರಣವೆಂದು ಚರ್ಮವೈದ್ಯರು ಹೇಳುತ್ತಲೇ ಬಂದಿದ್ದಾರೆ. ಇಂಥ ಸ್ಟೀರಾಯ್ಡ್ ಲೇಪಗಳನ್ನು ಚೀಟಿಯಿಲ್ಲದೆ ಮಾರಬಾರದೆಂದು ಕೇಂದ್ರ ಸರ್ಕಾರ 2018ರಲ್ಲಿ ಅವುಗಳನ್ನು ಶೆಡ್ಯೂಲ್ ಎಚ್ ಪಟ್ಟಿಗೆ ಸೇರಿಸಿತು. ನಮ್ಮ ಟ್ಯೂಬಿನ ಮೇಲೂ ಆ ಎಚ್ಚರಿಕೆ ಇತ್ತು, ಭೂತಗನ್ನಡಿ ಬೇಕಾಗುವಷ್ಟು ಸಣ್ಣ ಅಕ್ಷರದಲ್ಲಿ, ಇಂಗ್ಲಿಷಿನಲ್ಲಿ.

ಆ ಪೆಟ್ಟು ತಿಂದ ಮೇಲೆ ಸ್ಟೀರಾಯ್ಡ್ ಎಂಬ ಪದವೇ ನಮಗೆ ವಿಷವಾಯಿತು. ಸಾಸಿವೆ ಕಾಳಿನ ಜಾಣತನ ಹುಟ್ಟಿದ್ದು ಆ ಹೆದರಿಕೆಯಿಂದ. ವೈದ್ಯೆ ಕೊಟ್ಟದ್ದು ಕೈಕಾಲಿನ ಮಡಿಕೆಗಳಿಗೆ 0.1 ಶೇಕಡಾ ಮೊಮೆಟಾಸೋನ್, ಮುಖ ಮತ್ತು ಕುತ್ತಿಗೆಗೆ 1 ಶೇಕಡಾ ಹೈಡ್ರೋಕಾರ್ಟಿಸೋನ್. ಎರಡೂ ಸ್ಟೀರಾಯ್ಡ್‌ಗಳೇ, ಆದರೆ ಸಾದಾ, ಮಿಶ್ರಣವಿಲ್ಲದವು. ಅವರು ನನ್ನ ತೋರುಬೆರಳನ್ನು ಮೇಜಿನ ಮೇಲೆ ಇರಿಸಿ, ತುದಿಯಿಂದ ಮೊದಲ ಗೆರೆಯವರೆಗೆ ಟ್ಯೂಬಿನಿಂದ ಒಂದು ಉದ್ದನೆಯ ಎಳೆ ಹಿಂಡಿದರು. ಅದು ಸುಮಾರು ಅರ್ಧ ಗ್ರಾಂ, ಬೆರಳುಗಳೂ ಸೇರಿದಂತೆ ದೊಡ್ಡವರ ಎರಡು ಅಂಗೈಯಷ್ಟು ಜಾಗಕ್ಕೆ ಸಾಕು. ಮಗಳ ಎರಡು ಮೊಣಕೈ ಮಡಿಕೆ, ಎರಡು ಮೊಣಕಾಲ ಹಿಂಭಾಗ, ಮಣಿಕಟ್ಟುಗಳು ಸೇರಿ ಆರು ಅಂಗೈಯಗಲ; ದಿನಕ್ಕೆ ಮೂರು ತುದಿ, ಒಂದೂವರೆ ಗ್ರಾಂ; 15 ಗ್ರಾಂ ಟ್ಯೂಬು ಹತ್ತು ದಿನ. ಇಷ್ಟು ಸರಳವಾದ ಭಾಗಾಕಾರವನ್ನು ಅದುವರೆಗೆ ನಮಗೆ ಯಾರೂ ಮಾಡಿ ತೋರಿಸಿರಲಿಲ್ಲ, ನಾವು ಫೀಸು ಕೊಟ್ಟು ಕಂಡ ಎರಡು ಖಾಸಗಿ ಕ್ಲಿನಿಕ್ಕುಗಳಲ್ಲೂ "ತೆಳುವಾಗಿ ಹಚ್ಚಿ" ಎಂದಷ್ಟೇ ಹೇಳಿ ಕಳಿಸಿದ್ದರು. ತೆಳುವು ಎಂದರೆ ಎಷ್ಟು ಎಂಬುದು ಹಚ್ಚುವವರ ಭಯವನ್ನು ಅವಲಂಬಿಸಿರುತ್ತದೆ.

ಹಚ್ಚುವ ಕ್ರಮವೂ ಅಲ್ಲಿಯೇ ಕಲಿತದ್ದು. ದಿನಕ್ಕೆ ಒಮ್ಮೆ ಸಾಕು, ಎರಡು ಸಲ ಹಚ್ಚಿದರೆ ಎರಡು ಪಟ್ಟು ಗುಣವಾಗುವುದಿಲ್ಲ. ಮಾಯಿಶ್ಚರೈಸರ್‌ಗೂ ಇದಕ್ಕೂ ನಡುವೆ ಹದಿನೈದು-ಇಪ್ಪತ್ತು ನಿಮಿಷ ಬಿಡಬೇಕು, ಇಲ್ಲದಿದ್ದರೆ ಔಷಧ ತೆಳುವಾಗಿ ಬೇಡದ ಕಡೆಗೂ ಹರಡುತ್ತದೆ. ಕೆಂಪು ಮಾಯವಾದ ಕೂಡಲೇ ನಿಲ್ಲಿಸುವುದು ನಮ್ಮ ಹಳೆಯ ತಪ್ಪು. ನಮ್ಮ ಕಪ್ಪು ಮೈಬಣ್ಣದಲ್ಲಿ ಕೆಂಪು ಸರಿಯಾಗಿ ಕಾಣುವುದೇ ಇಲ್ಲ, ಬೂದು ಅಥವಾ ನೇರಳೆ ಛಾಯೆಯಷ್ಟೇ ಕಾಣುತ್ತದೆ. ಆದ್ದರಿಂದ ನಾನೀಗ ಕಣ್ಣು ಮುಚ್ಚಿ ಬೆರಳಿನಿಂದ ನೋಡುತ್ತೇನೆ. ಪಕ್ಕದ ಒಳ್ಳೆಯ ಚರ್ಮಕ್ಕೂ ಮಡಿಕೆಗೂ ನಡುವೆ ಬೆರಳಿಗೆ ಗಡಿ ತಿಳಿಯದಂತಾದ ಮೇಲೆ ಎರಡು ದಿನ ಮುಂದುವರಿಸಿ ನಿಲ್ಲಿಸುತ್ತೇವೆ, ಸಾಮಾನ್ಯವಾಗಿ ಅದಕ್ಕೆ ಒಂದರಿಂದ ಎರಡು ವಾರ ಹಿಡಿಯುತ್ತದೆ. ಮತ್ತೆ ಮತ್ತೆ ಏಳುವ ಜಾಗಗಳಿಗೆ ಶನಿವಾರ, ಭಾನುವಾರ ಮಾತ್ರ ಹಚ್ಚುವ ಪದ್ಧತಿಯನ್ನು ಆಮೇಲೆ ಸೂಚಿಸಿದರು. ವಾರಾಂತ್ಯದ ಈ ಎರಡು ದಿನಗಳೇ ನಮ್ಮ ವರ್ಷವನ್ನು ಬದಲಿಸಿದ್ದು: ತಿಂಗಳಿಗೊಮ್ಮೆ ಏಳುತ್ತಿದ್ದ ಇಸುಬು ಈಗ ಮೂರು-ನಾಲ್ಕು ತಿಂಗಳಿಗೊಮ್ಮೆ ಏಳುತ್ತದೆ. ಈ ಕ್ರಮ ಹಿಡಿದ ಮೇಲೆ ಚರ್ಮ ಇದುವರೆಗೆ ತೆಳುವಾಗಿಲ್ಲ.

ತುಂಬಾ ಉಬ್ಬಣಿಸಿದ ಎರಡು ಸಂದರ್ಭಗಳಲ್ಲಿ ಒದ್ದೆ ಪಟ್ಟಿ ಕಟ್ಟಿದೆವು, ಅದೂ ವೈದ್ಯರು ಹೇಳಿದ ಮೇಲೆ, ಕೆಲವೇ ದಿನ. ಮಾವನ ಹಳೆಯ ಧೋತರವನ್ನು ಹರಿದು, ಲೇಪ ಹಚ್ಚಿದ ಕೈಗೆ ಒಳಗಿನ ಸುತ್ತು ಒದ್ದೆ, ಹೊರಗಿನ ಸುತ್ತು ಒಣ. ಇಲ್ಲಿಯ ಒಣಗಾಳಿಯಲ್ಲಿ ಅದು ಮಣ್ಣಿನ ಗಡಿಗೆಯಂತೆ ತಂಪಾಗುತ್ತದೆ. ಅಂದು ರಾತ್ರಿ ಮಗಳು ಆರು ತಾಸು ಒಂದೇ ಸಮ ಮಲಗಿದಳು. ತುರಿಕೆಗೆಂದು ಕೊಡುವ ಸೆಟಿರಿಝಿನ್ ಮಾತ್ರೆಯಿಂದ ಅಷ್ಟು ಪ್ರಯೋಜನ ಕಾಣಲಿಲ್ಲ. ಅದು ಪಿತ್ತಗಂಧೆಗೆ ಒಳ್ಳೆಯ ಔಷಧ, ಇಸುಬಿನ ತುರಿಕೆಯ ದಾರಿ ಬೇರೆ.

ಊರಿನ ಮದ್ದುಗಳ ಬಗ್ಗೆ ಬರೆಯದಿದ್ದರೆ ಅಕ್ಕಪಕ್ಕದವರು ಬೇಸರಿಸಿಕೊಂಡಾರು. ಬೇವಿನ ಎಲೆ ಹಾಕಿದ ನೀರಿನಿಂದ ಕೆಡುಕೂ ಆಗಲಿಲ್ಲ, ಗುಣವೂ ಕಾಣಲಿಲ್ಲ. ಎಕ್ಕದ ಹಾಲನ್ನು ಹಚ್ಚುವವರಿದ್ದಾರೆ. ಅದು ಚರ್ಮವನ್ನು ಸುಡುತ್ತದೆ, ಕಣ್ಣಿಗೆ ತಾಗಿದರೆ ಇನ್ನೂ ಅಪಾಯ, ಖಂಡಿತ ಬೇಡ. ಅಂಶಗಳ ಪಟ್ಟಿಯೇ ಇಲ್ಲದ 'ಶುದ್ಧ ಗಿಡಮೂಲಿಕೆ' ಡಬ್ಬಿಗಳು ಮೂರೇ ದಿನದಲ್ಲಿ ಪವಾಡ ಮಾಡಿದರೆ ಅವುಗಳೊಳಗೆ ಸ್ಟೀರಾಯ್ಡ್ ಇದೆಯೇ ಎಂದು ಸಂಶಯ ಪಡುವುದು ಲೇಸು, ಅಂಥವು ಬೇರೆ ಬೇರೆ ದೇಶಗಳಲ್ಲಿ ಸಿಕ್ಕಿಬಿದ್ದಿವೆ. ಬದನೆ, ಶೇಂಗಾ, ಮೊಟ್ಟೆ ನಂಜು ಎಂದು ಒಂದು ವರ್ಷ ಮಗುವಿಗೆ ಕೊಡದೆ ತೂಕ ಇಳಿಸಿದ್ದು ನಮ್ಮ ಇನ್ನೊಂದು ತಪ್ಪು. ತಿಂದ ಕೂಡಲೇ ಮೈ ಗಂಧೆ ಏಳುವುದು, ವಾಂತಿಯಾಗುವುದು ಇಂಥ ಲಕ್ಷಣವಿಲ್ಲದೆ ಆಹಾರ ಬಿಡಿಸಬಾರದಂತೆ. ಔಷಧ ಹಚ್ಚಿ ಇಸುಬನ್ನು ಒಳಗೆ ಅದುಮಿದರೆ ದಮ್ಮು ಬರುತ್ತದೆ ಎಂಬ ನಂಬಿಕೆ ನಮ್ಮ ಮನೆಯಲ್ಲಿ ಬಲವಾಗಿತ್ತು. ಇಸುಬಿರುವ ಕೆಲವು ಮಕ್ಕಳಿಗೆ ಮುಂದೆ ದಮ್ಮು ಬರುವುದು ನಿಜ, ಎರಡಕ್ಕೂ ಮೂಲದಲ್ಲಿರುವ ಅಲರ್ಜಿಯ ಪ್ರವೃತ್ತಿ ಒಂದೇ. ಮುಲಾಮು ಅದನ್ನು ಒಳಗೆ ತಳ್ಳುವುದಿಲ್ಲ.

ಮಾವನ ಪ್ರಕರಣ ಬೇರೆಯೇ. ಅರವತ್ತು ದಾಟಿದ ಮೇಲೆ ಮುಖ, ಕಣ್ಣಿನ ರೆಪ್ಪೆ, ಕತ್ತು, ಮೊಣಕೈ ಮಡಿಕೆಗಳಲ್ಲಿ ಚರ್ಮ ದಪ್ಪವಾಗಿ ಕಪ್ಪಾಯಿತು; ಹೊಲಕ್ಕೆ ಹೋದಾಗ ಹೆಚ್ಚು, ತಮ್ಮ ಮಗಳ ಮನೆಗೆ ಬೆಂಗಳೂರಿಗೆ ಹೋದಾಗ ಕಡಿಮೆ. ಬೆನ್ನಿಗೆ ಸಣ್ಣ ಸಣ್ಣ ಪಟ್ಟಿ ಅಂಟಿಸಿ ಎರಡು ದಿನದ ನಂತರ ಬಿಚ್ಚಿ ನೋಡುವ, ಮತ್ತೆ ಒಂದೆರಡು ದಿನ ಬಿಟ್ಟು ಇನ್ನೊಮ್ಮೆ ನೋಡುವ ಪ್ಯಾಚ್ ಪರೀಕ್ಷೆಯಲ್ಲಿ ಪಾರ್ಥೇನಿಯಂ ಎಂದು ಬಂತು. ಭಾರತದಲ್ಲಿ ಕಳೆಯಾಗಿ 1950ರ ದಶಕದಲ್ಲಿ ಪುಣೆಯ ಬಳಿ ಮೊದಲು ಗುರುತಿಸಿದ, ನಾವು ಕಾಂಗ್ರೆಸ್ ಕಸ ಎನ್ನುವ ಆ ಗಿಡದ ಒಣಗಿದ ಪುಡಿ ಗಾಳಿಯಲ್ಲಿ ಬಂದು ಮೈಗೆ ಕೂತರೂ ಸಾಕು. ಇದೇ ಪರೀಕ್ಷೆಯಲ್ಲಿ ಗಾರೆ ಕೆಲಸದವರ ಕೈ ಇಸುಬಿಗೆ ಸಿಮೆಂಟಿನ ಕ್ರೋಮಿಯಂ ಕಾರಣವೆಂದು ತಿಳಿಯುವುದೂ ಉಂಟು. ಪರೀಕ್ಷೆಯ ತೊಂದರೆಯೆಂದರೆ ಅಷ್ಟೂ ದಿನ ಬೆನ್ನಿಗೆ ನೀರು, ಬೆವರು ತಾಗಬಾರದು. ಬೇಸಿಗೆಯಲ್ಲಿ ಮಾಡಿಸಿದ್ದು ನಮ್ಮ ಅವಿವೇಕ. ಅವರಿಗೆ ಮುಲಾಮಿನಿಂದ ಹತೋಟಿಗೆ ಬರಲಿಲ್ಲ, ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಅಜಥಯೋಪ್ರಿನ್ ಮಾತ್ರೆ ಕೊಟ್ಟರು. ರಕ್ತಕಣಗಳನ್ನೂ ಯಕೃತ್ತನ್ನೂ ಆಗಾಗ ಪರೀಕ್ಷಿಸುತ್ತಿರಬೇಕಾದ, ಪರಿಣಾಮ ಕಾಣಲು ತಿಂಗಳುಗಳೇ ಹಿಡಿಯುವ ಔಷಧವದು. ಐದನೆಯ ತಿಂಗಳಿಗೆ ಅವರು ಗಡ್ಡ ಬೋಳಿಸಿಕೊಳ್ಳುವಂತಾದರು.

ಸ್ಟೀರಾಯ್ಡ್ ಅಲ್ಲದ ಮುಲಾಮುಗಳಲ್ಲಿ ನಾವು ಬಳಸಿದ್ದು ಟ್ಯಾಕ್ರೋಲಿಮಸ್, ಎರಡು ವರ್ಷ ಮೇಲ್ಪಟ್ಟ ಮಕ್ಕಳಿಗೆ 0.03 ಶೇಕಡಾದ್ದು. ರೆಪ್ಪೆ, ಕುತ್ತಿಗೆಯಂಥ ನಾಜೂಕು ಜಾಗಗಳಿಗೆ ಇದು ಒಳ್ಳೆಯದು, ಚರ್ಮವನ್ನು ತೆಳುವಾಗಿಸುವುದಿಲ್ಲ. ಮೊದಲ ನಾಲ್ಕೈದು ದಿನ ಮೆಣಸಿನಕಾಯಿ ಹಚ್ಚಿದಂತೆ ಉರಿಯುತ್ತದೆ ಎಂದು ಮೊದಲೇ ಹೇಳದಿದ್ದರೆ ಯಾರಾದರೂ ಎಸೆದುಬಿಡುತ್ತಾರೆ. ಫ್ರಿಜ್ಜಿನಲ್ಲಿಟ್ಟು ಹಚ್ಚಿದರೆ ಮಗಳು ಸಹಿಸಿಕೊಂಡಳು. ಅಮೆರಿಕದಲ್ಲಿ 2006ರಲ್ಲಿ ಇದರ ಪೆಟ್ಟಿಗೆಯ ಮೇಲೆ ಕ್ಯಾನ್ಸರ್ ಎಚ್ಚರಿಕೆ ಹಾಕಿಸಿದರು, ಆದರೆ ಸುಮಾರು ಎಂಟು ಸಾವಿರ ಮಕ್ಕಳನ್ನು ಹತ್ತು ವರ್ಷದವರೆಗೆ ಹಿಂಬಾಲಿಸಿ 2020ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಆ ಭಯಕ್ಕೆ ಆಧಾರ ಸಿಗಲಿಲ್ಲ. ಇದರಾಚೆಗಿರುವ ಬೆಳಕಿನ ಚಿಕಿತ್ಸೆ, ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಸೈಕ್ಲೋಸ್ಪೋರಿನ್ ಮತ್ತು ಮೆಥೊಟ್ರೆಕ್ಸೇಟ್, ಎರಡು ವಾರಕ್ಕೊಮ್ಮೆ ಚುಚ್ಚುವ ಡುಪಿಲುಮ್ಯಾಬ್, ಉರಿಯೂತದ ಸಂಕೇತಗಳನ್ನು ತಡೆಯುವ ಹೊಸ ಜಾಕ್ ಪ್ರತಿಬಂಧಕ ಮಾತ್ರೆಗಳು ನಮಗೆ ಬೇಕಾಗಲಿಲ್ಲವಾದ್ದರಿಂದ ಅವುಗಳ ಬಗ್ಗೆ ನಾನು ತೀರ್ಪು ಕೊಡಲಾರೆ. ಬೆಳಕಿನ ಚಿಕಿತ್ಸೆಗೆ ವಾರಕ್ಕೆ ಎರಡು-ಮೂರು ಬಾರಿ ಹೋಗಬೇಕು; ದೇವದುರ್ಗ, ಲಿಂಗಸುಗೂರಿನಂಥ ಕಡೆಯಿಂದ ಬಸ್ಸಿನಲ್ಲಿ ಬಂದು ಹೋಗುವವರಿಗೆ ಅದೇ ದೊಡ್ಡ ಖರ್ಚು.

ಒಂದು ಸಂದರ್ಭದಲ್ಲಿ ಮಾತ್ರ ಸರದಿ, ಬಸ್ಸು, ರಜೆ ಯಾವುದನ್ನೂ ನೋಡಬಾರದು. ಇಸುಬಿನ ಮೇಲೆ ಒಮ್ಮೆಲೇ ಒಂದೇ ಅಳತೆಯ ಗುಂಡನೆಯ ಹುಣ್ಣುಗಳು ಗುಂಪಾಗಿ ಎದ್ದು, ನೋವು ಮತ್ತು ಜ್ವರ ಬಂದರೆ ಅದು ಹರ್ಪೀಸ್ ವೈರಸ್ ಆಗಿರಬಹುದು; ಅಂದೇ ಆಸ್ಪತ್ರೆಗೆ ಹೋಗಬೇಕು. ಜೇನಿನ ಬಣ್ಣದ ಹಕ್ಕಳೆ ಕಟ್ಟಿ ಒಸರುವುದಾದರೆ ಬ್ಯಾಕ್ಟೀರಿಯಾ ಸೋಂಕು, ಅದಕ್ಕೆ ಬೇರೆ ಔಷಧ.

ನಾವು ಈಗ ಹೋಗುತ್ತಿರುವ ಸರ್ಕಾರಿ ವಿಭಾಗದ ಸೇವೆಗೂ ಒಂದು ಮಾತು. ಚೀಟಿ ಮಾಡಿಸಲು ಮುಕ್ಕಾಲು ತಾಸು, ವೈದ್ಯರ ಬಾಗಿಲಲ್ಲಿ ಒಂದೂವರೆ ತಾಸು, ಕೂರಲು ಮೂರೇ ಬೆಂಚು. ಆದರೆ ಒಳಗೆ ಹೋದ ಮೇಲೆ ಮಗುವಿನ ಮೈಯನ್ನು ಪೂರ್ತಿ ನೋಡುತ್ತಾರೆ, ನಮ್ಮ ಕೈಯಿಂದಲೇ ಹಚ್ಚಿಸಿ ತಿದ್ದುತ್ತಾರೆ. ಔಷಧ ವಿತರಣೆಯ ಕಿಟಕಿಯಲ್ಲಿ ಒಂದು ಸಲಕ್ಕೆ ಒಂದೇ ಟ್ಯೂಬು ಎಂಬ ನಿಯಮ ಮಾತ್ರ ವೈದ್ಯರ ಲೆಕ್ಕಕ್ಕೆ ತಾಳೆಯಾಗುವುದಿಲ್ಲ. ಹತ್ತು ದಿನದ ಔಷಧಕ್ಕೆ ತಿಂಗಳ ದಿನಾಂಕ ಕೊಟ್ಟರೆ ಬಡವರು ಸಾಸಿವೆ ಕಾಳಿಗೇ ಮರಳುತ್ತಾರೆ. ಉಳಿದ ಟ್ಯೂಬುಗಳನ್ನು ನಾನು ಹೊರಗೆ, ಬ್ರಾಂಡ್ ಇಲ್ಲದ್ದನ್ನು ಕೇಳಿ ಕೊಳ್ಳುತ್ತೇನೆ.

ನಾನು ಕಚೇರಿಯಲ್ಲಿರುವಾಗ ಹಚ್ಚುವವರು ನಮ್ಮತ್ತೆ. ಅವರಿಗೆಂದು ಟ್ಯೂಬಿನ ರಟ್ಟಿನ ಮೇಲೆ ಬಾಲ್‌ಪೆನ್ನಿನಿಂದ ಒಂದು ಬೆರಳನ್ನೂ ಎರಡು ಅಂಗೈಗಳನ್ನೂ ಬರೆದಿಟ್ಟಿದ್ದೇನೆ. ಮೊನ್ನೆ ಮಗಳು ತಾನೇ ಹಚ್ಚಿಕೊಳ್ಳುತ್ತೇನೆಂದು ಹಟ ಮಾಡಿ, ತನ್ನ ಪುಟ್ಟ ಬೆರಳಿನ ಮೇಲೆ ಮುಲಾಮು ಹಿಂಡಿಕೊಂಡು, ಮೊದಲ ಗೆರೆಗೆ ಬಂದು ನಿಂತು, ಚಿತ್ರವನ್ನೂ ಬೆರಳನ್ನೂ ಎರಡು ಸಲ ನೋಡಿ, ಅಜ್ಜಿಗೆ "ಆಯಿ, ನಿನ್ನ ಬೆರಳು ಕೊಡು, ನಂದು ಸಾಲಂಗಿಲ್ಲ" ಎಂದಳು. ಅಳತೆ ದೊಡ್ಡವರ ಬೆರಳಿನದು. ಅವಳು ಹೇಳಿದ್ದು ಸರಿಯಾಗಿತ್ತು.